ಹನ್ನೆರಡರಲ್ಲೊಂದು ಪಾಲಿನ ವಿಶ್ವಕರ್ಮ

ಇಂಗ್ಲೆಂಡಿನವರ ಹಿತ್ತಲಿನ ಶೆಡ್ಡಿಗೆ ನಮ್ಮ ಕಡೆಯ ದೇವರ ಕೋಣೆಗಿರುವಷ್ಟೇ ಮಡಿ. ಹೆಸರಿಗೆ ಅದು ಹುಲ್ಲು ಕತ್ತರಿಸುವ ಯಂತ್ರವನ್ನೂ ಒಡೆದ ಹೂಕುಂಡಗಳನ್ನೂ ಇಡುವ ಜಾಗ. ಒಳಗೆ ನೋಡಿದರೆ ಕನ್ನಡಕದ ಮೇಲೊಂದು ಭೂತಗನ್ನಡಿ ಸಿಕ್ಕಿಸಿಕೊಂಡ ನಿವೃತ್ತರೊಬ್ಬರು ಸ್ಟೂಲಿನ ಮೇಲೆ ಕೂತು, ಉದ್ದಿನ ಕಾಳಿಗಿಂತ ಚಿಕ್ಕದಾದ ಹಿತ್ತಾಳೆಯ ಚೂರನ್ನು ಅರದಿಂದ ಉಜ್ಜುತ್ತಿರುತ್ತಾರೆ. ಅದೇನೆಂದು ಮಾತ್ರ ಕೇಳಬಾರದು. ಕೇಳಿದರೆ ಹೇಳುತ್ತಾರೆ, ಮತ್ತು ಅದು ಊಟದ ಹೊತ್ತಿಗೆ ಮುಗಿಯುವುದಿಲ್ಲ. ಇದೇ ಮನುಷ್ಯ ಇಟಲಿಯಲ್ಲಿ ಮಹಡಿಯ ಮೇಲಿನ ಸಣ್ಣ ಕೋಣೆಯಲ್ಲಿ, ಜರ್ಮನಿಯಲ್ಲಿ ನೆಲಮಾಳಿಗೆಯಲ್ಲಿ ಸಿಗುತ್ತಾರೆ. ಇವರ ಜಾತಿಗೆ ಸ್ಕ್ರ್ಯಾಚ್‌ಬಿಲ್ಡರ್ ಎಂದು ಹೆಸರು. ಅಂಗಡಿಯ ಕಿಟ್ ತಂದು ಅಂಟಿಸುವವರಲ್ಲ ಇವರು. ತಗಡು, ತಂತಿ, ಮರದ ತುಂಡು ಮತ್ತು ಒಂದು ಕಂತೆ ಹಳೆಯ ಫೋಟೋ ಇಟ್ಟುಕೊಂಡು ಫೆರಾರಿ, ಜಾಗ್ವಾರ್, ಬುಗಾಟಿಗಳನ್ನು ಹನ್ನೆರಡರಲ್ಲೊಂದು, ಹದಿನೈದರಲ್ಲೊಂದು ಅಳತೆಗೆ ಇಳಿಸಿ, ಚಕ್ರದ ಕಡ್ಡಿಯಿಂದ ಹಿಡಿದು ತಾವೇ ಮಾಡುವವರು. ನೋಡುವವರು ಇವರನ್ನು ಕಾರಿನ ಹುಚ್ಚರೆಂದೋ ಮುದುಕರಾದರೂ ಆಟ ಬಿಡದವರೆಂದೋ ತೀರ್ಮಾನಿಸುತ್ತಾರೆ. ಎರಡೂ ತಪ್ಪೆಂದು ನನ್ನ ವಾದ. ಇವರ ನಿಜವಾದ ಕಸುಬು ಬೇರೆ: ಯಾರೋ ಅವಸರದಲ್ಲಿ ಮಾಡಿ ಬಿಸಾಡಿದ್ದನ್ನು ಸಾವಧಾನವಾಗಿ ಇನ್ನೊಮ್ಮೆ ಮಾಡುವುದು. ಕೇಳಲು ತಿಕ್ಕಲೆನಿಸುವ ಈ ಕೆಲಸದಿಂದಾಗಿ, ಅಸಲಿ ಕಾರುಗಳೇ ಕಳೆದುಕೊಂಡ ಒಂದು ಸತ್ಯ ಉಳಿದುಕೊಂಡಿದೆ.

ಅವಸರದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಇಂದು ಗಾಜಿನ ಮನೆಯಲ್ಲಿ ಪೂಜೆಗೊಳ್ಳುವ ರೇಸ್ ಕಾರುಗಳನ್ನು ಮಾಡಿದವರಿಗೆ ಅವು ಪೂಜೆಗೊಳ್ಳುತ್ತವೆಂಬ ಕಲ್ಪನೆಯೇ ಇರಲಿಲ್ಲ. ಭಾನುವಾರದ ಸ್ಪರ್ಧೆಗೆ ಶನಿವಾರ ರಾತ್ರಿ ಸಿದ್ಧವಾದರೆ ಸಾಕಿತ್ತು. ಫೆರಾರಿಯ 250 ಜಿಟಿಒ 1962ರಿಂದ 1964ರವರೆಗೆ ಹುಟ್ಟಿದ್ದು ಒಟ್ಟು 36 ಎಂದು ಸಾಮಾನ್ಯ ಲೆಕ್ಕ. ಅದರ ಮೈಯನ್ನು ಮೊಡೆನಾ ಊರಿನ ಸ್ಕಾಲಿಯೆಟ್ಟಿಯ ಕೆಲಸದವರು ಅಲ್ಯುಮಿನಿಯಂ ತಗಡನ್ನು ಬಡಿದು ಬಡಿದು, ಕಣ್ಣಳತೆಯಲ್ಲಿ ತಿದ್ದಿದರು. ಹಾಗಾಗಿ ಒಂದರಂತೆ ಇನ್ನೊಂದಿಲ್ಲ. ಒಂದೇ ಕಾರಿನ ಎಡಗೆನ್ನೆ ಬಲಗೆನ್ನೆಗಳು ಹೊಂದುತ್ತವೆಂದೂ ಯಾರೂ ಆಣೆ ಇಟ್ಟು ಹೇಳಲಾರರು. ಪೋರ್ಷೆಯದು ಇನ್ನೂ ಚೆಂದ. 1969ರಲ್ಲಿ 917 ಎಂಬ ಕಾರನ್ನು ರೇಸಿಗೆ ಇಳಿಸಬೇಕಾದರೆ 25 ಕಾರು ಮಾಡಿ ತೋರಿಸಬೇಕೆಂಬ ನಿಯಮವಿತ್ತು. ಏಪ್ರಿಲ್‌ನಲ್ಲಿ ತಪಾಸಣೆಯವರ ಮುಂದೆ 25 ಕಾರುಗಳು ಶಿಸ್ತಾಗಿ ಸಾಲು ನಿಂತವು. ಅವುಗಳ ನಟ್ಟು ಬೋಲ್ಟು ಬಿಗಿಯಲು ಕಚೇರಿಯ ಗುಮಾಸ್ತರೂ ಕೈಹಾಕಿದ್ದರೆಂಬ ಮಾತು ಇಂದಿಗೂ ಚಾಲ್ತಿಯಲ್ಲಿದೆ. ಈಗ ನಮ್ಮ ಶೆಡ್ಡಿನ ಮಹಾಶಯರ ಪಾಡು ಯೋಚಿಸಿ. ಕಾಗದ ಪತ್ರದ ಗುಮಾಸ್ತನೊಬ್ಬ ಗಡಿಬಿಡಿಯಲ್ಲಿ ಸೊಟ್ಟಗೆ ಹೊಡೆದಿರಬಹುದಾದ ರಿವೆಟ್ಟನ್ನು ಇವರು ಅರ್ಧ ಮಿಲಿಮೀಟರಿನಲ್ಲಿ, ಅಷ್ಟೇ ಸೊಟ್ಟಗೆ, ಮೂರನೇ ಪ್ರಯತ್ನದಲ್ಲಿ ಹೊಡೆಯಬೇಕು. ಮೊದಲೆರಡು ಪ್ರಯತ್ನಗಳಲ್ಲಿ ರಿವೆಟ್ಟು ನೆಟ್ಟಗೆ ಬಂದಿರುತ್ತದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂದು ನಮ್ಮವರು ಹೇಳಿದರು. ಆ ದೊಣ್ಣೆಪೆಟ್ಟನ್ನೇ ಯಥಾವತ್ತಾಗಿ ಮೂಡಿಸಲು ಒಂದು ವರುಷ ಕೂರುವ ಕುಂಬಾರನೊಬ್ಬ ಯುರೋಪಿನಲ್ಲಿ ಇದ್ದಾನೆಂದು ಅವರಿಗೆ ಗೊತ್ತಿರಲಿಲ್ಲ.

ಕೆಲಸ ಹೇಗೆ ನಡೆಯುತ್ತದೆಂದು ತಿಳಿಯದೆ ಈ ಮನುಷ್ಯನನ್ನು ತೂಗಲಾಗದು. ಮಾಸೆರಾಟಿಯ ಟಿಪೋ 61 ಕಾರಿಗೆ ಹಕ್ಕಿಪಂಜರವೆಂಬ ಅಡ್ಡಹೆಸರಿದೆ. ಎಂಜಿನಿಯರ್ ಜೂಲಿಯೋ ಅಲ್ಫಿಯೇರಿ ತೂಕ ಉಳಿಸಲೆಂದು ಸುಮಾರು 200 ಸಣ್ಣ ಕೊಳವೆಗಳನ್ನು ಬೆಸೆದು ಅದರ ಅಸ್ಥಿಪಂಜರ ಕಟ್ಟಿದ. ಹನ್ನೆರಡರಲ್ಲೊಂದು ಅಳತೆಗೆ ಇಳಿದಾಗ ಆ ಕೊಳವೆಗಳು ಒಂದು ಮಿಲಿಮೀಟರಿನ ಆಜುಬಾಜಿನ ಹಿತ್ತಾಳೆ ತಂತಿಗಳಾಗುತ್ತವೆ. ಬೆಸುಗೆಯ ಸ್ವಭಾವ ಬಲ್ಲವರಿಗೆ ಮುಂದಿನದು ಹೇಳಬೇಕಿಲ್ಲ: ನೂರೈವತ್ತನೆಯ ಸಂದು ಕಾಯಿಸುವಾಗ ನಲವತ್ತನೆಯದು ಕಳಚಿ ಬೀಳುತ್ತದೆ. ಅದಕ್ಕೆ ಒದ್ದೆ ಹತ್ತಿ ಸುತ್ತುವುದು, ಬೇರೆ ಬೇರೆ ಶಾಖಕ್ಕೆ ಕರಗುವ ಬೆಸುಗೆಗಳನ್ನು ಹೆಚ್ಚಿನದರಿಂದ ಕಡಿಮೆಯದಕ್ಕೆ ಕ್ರಮವಾಗಿ ಬಳಸುವುದು ಮುಂತಾದ ಉಪಾಯಗಳಿವೆ. ಜಾಗ್ವಾರ್ ಇ-ಟೈಪಿನ ತಂತಿಚಕ್ರಕ್ಕೆ ಒಂದಕ್ಕೆ 72 ಕಡ್ಡಿ. ಸ್ಟೆಪ್ನಿಯನ್ನೂ ಸೇರಿಸಿದರೆ 360. ಒಂದೊಂದೂ ತಲೆಗೂದಲಿನ ಮೂರ್ನಾಲ್ಕು ಪಟ್ಟು ದಪ್ಪದ ಉಕ್ಕಿನ ತಂತಿ. ಡಿಕ್ಕಿಯ ನೆಲದಡಿ ಮಲಗಿರುವ ಆ ಐದನೆಯ ಚಕ್ರವನ್ನು ಯಾರೂ ನೋಡುವುದಿಲ್ಲ, ಅದಕ್ಕೂ 72. ಬಣ್ಣ ಇನ್ನೊಂದು ಶಾಪ. ಕಿರುಗಾರಿನ ಮೇಲೆ ಕೂತ ಹತ್ತನೇ ಒಂದು ಮಿಲಿಮೀಟರಿನ ಪದರ ಅಸಲಿಯ ಅಳತೆಯಲ್ಲಿ 1.2 ಮಿಲಿಮೀಟರಿನ ಗಾರೆಗೆ ಸಮ, ಬಾಗಿಲಿನ ಸಂದುಗಳೆಲ್ಲ ಮುಚ್ಚಿಹೋಗುತ್ತವೆ. ಆದ್ದರಿಂದ ಹೊಡೆಯುವುದು, ಉಜ್ಜುವುದು, ಮತ್ತೆ ಹೊಡೆಯುವುದು. ಬುಗಾಟಿ ಟೈಪ್ 35ರ ತಗಡಿನ ಮೇಲೆ ಮೀನಿನ ಹುರುಪೆಯಂತೆ ಮಿನುಗುವ ಸುಳಿಗಳನ್ನು ಮೂಡಿಸಲು, ಮಸಾಲೆ ಮೆತ್ತಿದ ಮರದ ಕಡ್ಡಿಯನ್ನು ತಿರುಗಿಸಿ ಒಂದೊಂದೇ ಚುಕ್ಕೆ ಒತ್ತಬೇಕು. ಸಾಮಗ್ರಿಗಾಗಿ ಮನೆಯೊಳಕ್ಕೆ ಆಗಾಗ ದಾಳಿ ನಡೆಯುತ್ತದೆ. ಟೀ ಸೋಸುವ ಜಾಲರಿ ರೇಡಿಯೇಟರಿನ ಮುಂದಕ್ಕೆ, ಗಿಟಾರಿನ ತಂತಿ ಚಕ್ರಕ್ಕೆ, ತೆಳು ಚರ್ಮದ ಕೈಗವಸು ಸೀಟಿಗೆ, ಹಲ್ಲುಜ್ಜುವ ಪೇಸ್ಟು ಬಣ್ಣದ ಹೊಳಪಿಗೆ. ಹೆಂಡತಿಗೆ ಕೈಗವಸು ಎಲ್ಲಿ ಹೋಯಿತೆಂದು ಗೊತ್ತಿರುತ್ತದೆ, ಎಡಗೈಯದ್ದು ಮಾತ್ರ ಯಾಕೆ ಹೋಯಿತೆಂಬುದು ತಿಳಿಯುವುದಿಲ್ಲ.

ಇಷ್ಟಾದರೂ ಇದು ಕೈಚಳಕದ ಕಥೆಯಷ್ಟೇ. ಅಕ್ಕಿಕಾಳಿನ ಮೇಲೆ ಹೆಸರು ಬರೆಯುವವರು ನಮ್ಮ ಜಾತ್ರೆಗಳಲ್ಲೂ ಇದ್ದಾರೆ. ವ್ಯತ್ಯಾಸ ಎಲ್ಲಿದೆಯೆಂದರೆ, ಅಕ್ಕಿಕಾಳಿನವನಿಗೆ ‘ಅಯ್ಯೋ ಎಷ್ಟು ಚಿಕ್ಕದು!’ ಅನಿಸಿಕೊಳ್ಳಬೇಕು, ಇವರಿಗೆ ಅದು ಚಿಕ್ಕದೆಂಬುದು ನೋಡುವವನಿಗೆ ಮರೆತೇ ಹೋಗಬೇಕು. ಇಂಗ್ಲೆಂಡಿನ ಜೆರಾಲ್ಡ್ ವಿಂಗ್ರೋವ್ 1:15ರ ಅಳತೆಯಲ್ಲಿ ಮಾಡಿದ ಕಾರುಗಳ ಫೋಟೋ ನೋಡಿದರೆ ಪಕ್ಕದಲ್ಲೊಂದು ನಾಣ್ಯ ಇಡದ ಹೊರತು ಮೋಸ ಹೋಗುವುದು ಖಂಡಿತ. ಆ ವಿದ್ಯೆಯನ್ನು ಅವರು ‘ದಿ ಕಂಪ್ಲೀಟ್ ಕಾರ್ ಮಾಡೆಲರ್’ ಎಂಬ ಪುಸ್ತಕದಲ್ಲಿ ಬಚ್ಚಿಡದೆ ಬರೆದಿಟ್ಟರು. ಹೀಗೆ ಮೋಸಗೊಳಿಸಬೇಕಾದರೆ ‘ಜಿಟಿಒ ಮಾಡುತ್ತೇನೆ’ ಎಂದರೆ ಸಾಲದು. ಯಾವ ಜಿಟಿಒ, ಯಾವ ಊರಿನ ಸ್ಪರ್ಧೆ, ಎಷ್ಟು ಗಂಟೆಯ ಹೊತ್ತಿನದು ಎಂದು ಹೇಳಬೇಕಾಗುತ್ತದೆ. ರೇಸ್ ಕಾರು ವಾರವಾರ ಬದಲಾಗುತ್ತಿತ್ತು. ಒಂದು ಸ್ಪರ್ಧೆಗೆ ಗಾಳಿಗೆಂದು ತೂತು ಕೊರೆದರು, ಮುಂದಿನದಕ್ಕೆ ತೇಪೆ ಹಾಕಿದರು. ನಕ್ಷೆಗಳು ಒಂದಕ್ಕೊಂದು ಹೊಂದುವುದಿಲ್ಲ. ಆಗ ನಮ್ಮವರು ಫೋಟೋದಲ್ಲಿನ ಚಕ್ರದ ವ್ಯಾಸವನ್ನೇ ಅಳತೆಗೋಲು ಮಾಡಿಕೊಂಡು ಬಾಗಿಲಿನ ಅಗಲ ಲೆಕ್ಕ ಹಾಕುತ್ತಾರೆ. ಇಲ್ಲಿ ಬಡಗಿ ಹೋಗಿ ವಕೀಲ ಬರುತ್ತಾನೆ. ಸಾಕ್ಷಿ ಬೇಕು, ಪಾಟೀಸವಾಲು ಬೇಕು. 1934ರ ಮರ್ಸಿಡಿಸ್ ಡಬ್ಲ್ಯು 25 ಈ ಕೋರ್ಟಿನ ಹಳೆಯ ಮೊಕದ್ದಮೆ. ಆ ವರ್ಷದಿಂದ ಗ್ರಾಂಪ್ರಿ ಕಾರು 750 ಕಿಲೋ ಮೀರಬಾರದಿತ್ತು. ನ್ಯೂರ್‌ಬರ್ಗ್‌ರಿಂಗಿನಲ್ಲಿ ಕಾರು ಒಂದು ಕಿಲೋ ಹೆಚ್ಚು ತೂಗಿತೆಂದೂ, ರಾತ್ರೋರಾತ್ರಿ ಬಿಳಿ ಬಣ್ಣ ಕೆರೆಸಿ ಬೆಳಗಾಗುವಷ್ಟರಲ್ಲಿ ಬೆಳ್ಳಿಯ ಹಾಗೆ ಹೊಳೆಸಿ ನಿಲ್ಲಿಸಿದೆನೆಂದೂ ತಂಡದ ಮುಖ್ಯಸ್ಥ ಆಲ್ಫ್ರೆಡ್ ನಾಯ್‌ಬಾವರ್ ಹೇಳಿಕೊಂಡಿದ್ದಾನೆ. ಇತಿಹಾಸಕಾರರಲ್ಲಿ ಹಲವರು ಇದನ್ನು ನಂಬುವುದಿಲ್ಲ. ಆ ದಿನದ ಸ್ಪರ್ಧೆಗೆ ತೂಕದ ನಿಯಮವೇ ಅನ್ವಯಿಸಿರಲಿಲ್ಲ ಎನ್ನುತ್ತಾರೆ. ಉಳಿದ ಓದುಗರು ಇದನ್ನು ಓದಿ ನಕ್ಕು ಮುಂದೆ ಹೋಗಬಹುದು. ಕಿರುಗಾರಿನವರು ಮುಂದೆ ಹೋಗುವ ಹಾಗಿಲ್ಲ. ಕಥೆ ನಿಜವೆಂದರೆ ಸಂದುಗಳಲ್ಲಿ, ರಿವೆಟ್ಟಿನ ಬುಡದಲ್ಲಿ ಬಿಳಿ ಬಣ್ಣದ ಚೂರು ಉಳಿದಿರಬೇಕಲ್ಲ? ಹಾಗಾಗಿ ನಂಬುವ ಪಂಥದವರು ಮೊದಲು ಚೆನ್ನಾಗಿ ಬಿಳಿ ಬಳಿದು, ಒಣಗಿಸಿ, ಆಮೇಲೆ ಕೂತು ಕೆರೆಯಬೇಕು. ನಂಬದವರಿಗೆ ಒಂದು ತಿಂಗಳು ಉಳಿತಾಯ. ಇತಿಹಾಸದಲ್ಲಿ ಸಂಶಯಪಡುವುದಕ್ಕೆ ಇಷ್ಟು ನಗದು ಲಾಭ ಬೇರೆಲ್ಲೂ ಇಲ್ಲ.

ಇದಕ್ಕೆ ಎದುರುವಾದಗಳಿಲ್ಲದೆ ಇಲ್ಲ. ದುಡ್ಡು ಕೊಟ್ಟರೆ ಎಲ್ಲ ಸಿಗುವಾಗ ಈ ಗೋಳೇಕೆ ಎಂಬುದು ಮೊದಲನೆಯದು. ಟ್ಯೂರಿನ್ನಿನ ಪೋಕೆರ್ ಕಂಪನಿ ಎಂಟರಲ್ಲೊಂದು ಅಳತೆಯ ಕಿಟ್ಟುಗಳನ್ನು ಸಾವಿರಾರು ಬಿಡಿಭಾಗಗಳ ಸಮೇತ ಪೆಟ್ಟಿಗೆಯಲ್ಲಿ ತುಂಬಿ ಕೊಡುತ್ತಿತ್ತು. ಜರ್ಮನಿಯ ಸಿಎಂಸಿಯವರು ಹಕ್ಕಿಪಂಜರವನ್ನೇ ಹದಿನೆಂಟರಲ್ಲೊಂದು ಅಳತೆಯಲ್ಲಿ ಕಟ್ಟಿ ಮಾರಿದರು. ನಿಜ. ಆದರೆ ಕಾರ್ಖಾನೆ ಒಂದು ಅಚ್ಚು ಮಾಡಿತೆಂದರೆ ಅದರಿಂದ ಸಾವಿರ ಕಾರು ಬರುತ್ತವೆ, ಸಾವಿರವೂ ಒಂದೇ. ಒಂದರಂತೆ ಒಂದಿಲ್ಲದ ಕಾರಿಗೆ ಒಂದರಂತೆ ಸಾವಿರವಿರುವ ನಕಲು ಹೇಗೆ ಸಾಕ್ಷಿಯಾದೀತು? ತ್ರಿಡಿ ಪ್ರಿಂಟರಿನದೂ ಇದೇ ತಕರಾರು. ಕಂಪ್ಯೂಟರಿನಲ್ಲಿ ಎಡಭಾಗ ಬರೆದು ಕನ್ನಡಿಯಂತೆ ಬಲಕ್ಕೆ ತಿರುಗಿಸಿದರೆ ಮುಗಿಯಿತು, ಸ್ಕಾಲಿಯೆಟ್ಟಿಯ ಸುತ್ತಿಗೆ ಎಲ್ಲಿ ತಪ್ಪಿತೋ ಅಲ್ಲಿ ಯಂತ್ರ ತಪ್ಪುವುದಿಲ್ಲ. (ಹೀಗೆ ಭಾಷಣ ಮಾಡುವವರಲ್ಲಿ ಕೆಲವರು ಕಾರ್ಬ್ಯುರೇಟರನ್ನು ಗುಟ್ಟಾಗಿ ಪ್ರಿಂಟ್ ಮಾಡಿಸಿಕೊಂಡು, ಮೇಲೆ ಅರದ ಗೀರು ಎಳೆಯುತ್ತಾರೆಂದು ನನ್ನ ಅನುಮಾನ.) ಎರಡನೆಯದು, ಇದು ದೊಡ್ಡವರ ಬೊಂಬೆಯಾಟ ಎಂಬ ಚುಚ್ಚು. ಇದಕ್ಕೆ ಉತ್ತರಿಸುವುದು ಸ್ವಲ್ಪ ಕಷ್ಟ, ಯಾಕೆಂದರೆ ಅಡಿಗೊಂದು ಅಂಗುಲದ ಲೆಕ್ಕದ ಈ ಹನ್ನೆರಡರಲ್ಲೊಂದು ಅಳತೆಯೇ ಇಂಗ್ಲೆಂಡಿನ ಹೆಣ್ಣುಮಕ್ಕಳ ಬೊಂಬೆಮನೆಯ ಅಳತೆಯೂ ಹೌದು. ಹದಿನಾಲ್ಕೂವರೆ ಅಂಗುಲದ ಜಾಗ್ವಾರನ್ನು ಮೊಮ್ಮಗಳ ಬೊಂಬೆಮನೆಯ ಮುಂದೆ ನಿಲ್ಲಿಸಿದರೆ ಎಷ್ಟು ಸರಿಹೊಂದುತ್ತದೆಂದರೆ, ಅಜ್ಜ ಅದನ್ನು ಯಾವತ್ತೂ ನಿಲ್ಲಿಸುವುದಿಲ್ಲ. ಆದರೂ ಒಂದು ಮಾತಿದೆ. ಮಗು ಆಡುವಾಗ ಬೆಂಕಿಪೊಟ್ಟಣವೂ ಕಾರಾಗುತ್ತದೆ. ಆಟಕ್ಕೆ ನಂಬಿಕೆ ಸಾಕು, ಪುರಾವೆ ಬೇಡ. ಪುರಾವೆಯಿಲ್ಲದೆ ಒಂದು ಸ್ಕ್ರೂ ಹಾಕಲಾರದವನಲ್ಲಿ ಉಳಿದಿರುವುದು ಏನೇ ಇರಲಿ, ಬಾಲ್ಯವಂತೂ ಅಲ್ಲ.

ಮುಚ್ಚಿದ ಬಾನೆಟ್ಟಿನಡಿ, ಸೀಟಿನ ಬುಡದಲ್ಲಿ, ಯಾರ ಕಣ್ಣಿಗೂ ಬೀಳದ ಕಡೆಯೂ ಯಾಕೆ ಮಾಡಬೇಕೆಂಬುದು ಗಟ್ಟಿ ಪ್ರಶ್ನೆ. ಗೇರ್‌ಬಾಕ್ಸಿನ ಹೊಟ್ಟೆಯೊಳಗಿನ ಹಲ್ಲುಗಳವರೆಗೂ ಹೋಗುವವರಿದ್ದಾರೆ, ಅವರ ಪರವಾಗಿ ನಾನು ವಕಾಲತ್ತು ವಹಿಸುವುದಿಲ್ಲ. ಉಳಿದವರ ಸಮರ್ಥನೆಗೆ ಅಸಲಿ ಕಾರುಗಳ ಇಂದಿನ ಸ್ಥಿತಿಯನ್ನೇ ಸಾಕ್ಷಿಗೆ ಕರೆಯಬಹುದು. 2018ರಲ್ಲಿ ಕ್ಯಾಲಿಫೋರ್ನಿಯಾದ ಹರಾಜಿನಲ್ಲಿ ಒಂದು ಜಿಟಿಒ 4 ಕೋಟಿ 84 ಲಕ್ಷ ಡಾಲರಿಗೆ ಹೋಯಿತು. ಅಷ್ಟು ಬೆಲೆಯ ವಸ್ತುವಿಗೆ ಯಾರಾದರೂ ಸೊಟ್ಟ ರಿವೆಟ್ಟು ಉಳಿಸಿಯಾರೇ? ಇಂಥ ಕಾರುಗಳಿಗೆ ದಶಕಗಳಿಂದ ಜೀರ್ಣೋದ್ಧಾರ ನಡೆದಿದೆ. ಹಳೆಯ ಗುಡಿಯ ಕಂಬಕ್ಕೆ ಎಣ್ಣೆಬಣ್ಣ ಬಳಿದು ಉದ್ಧಾರ ಮಾಡುತ್ತಾರಲ್ಲ, ಹಾಗೆಯೇ. ರೇಸಿನಲ್ಲಿ ಸಿಪ್ಪೆಯೆದ್ದ ಬಣ್ಣ ಕನ್ನಡಿಯಾಯಿತು, ತಂತಿ ಬಿಗಿದಿದ್ದ ಕಡೆ ಹೊಸ ಕ್ಲಿಪ್ಪು ಬಂತು, ಡುಬ್ಬು ತಗ್ಗುಗಳು ಸಮವಾದವು. ಹುಟ್ಟಿದ ದಿನ ಇಲ್ಲದ ಅಚ್ಚುಕಟ್ಟು ಇಳಿವಯಸ್ಸಿನಲ್ಲಿ ಬಂದಿದೆ. ಅಂದಿನ ಗಡಿಬಿಡಿ ಈಗ ಉಳಿದಿರುವುದು ಕಪ್ಪುಬಿಳುಪು ಫೋಟೋಗಳಲ್ಲಿ, ಮತ್ತು ಅವನ್ನು ನೋಡಿ ಮಾಡಿದ ಶೆಡ್ಡಿನ ಕಾರುಗಳಲ್ಲಿ. ಪೋರ್ಷೆ 917ರ ಗೇರ್ ಕೋಲಿನ ಗುಬ್ಬಿಯನ್ನು ತೂಕ ಉಳಿಸಲು ಹಗುರ ಮರದಲ್ಲಿ ಮಾಡಿದ್ದರು. ಕಿರುಗಾರಿನಲ್ಲೂ ಅದು ಮರದ್ದೇ ಆಗಿರುತ್ತದೆ, ಮೇಲೆ ಕಪ್ಪು ಬಣ್ಣ ಬಳಿದು ಪ್ಲಾಸ್ಟಿಕ್ ಎನ್ನಿಸುವುದಿಲ್ಲ. ಯಾರು ನೋಡುತ್ತಾರೆಂಬ ಲೆಕ್ಕ ಹಾಕಿದವನು ಸಾಕ್ಷಿಯಲ್ಲೂ ಹಾಗೇ ಲೆಕ್ಕ ಹಾಕಿಯಾನು.

ಎಲ್ಲಕ್ಕಿಂತ ಕಷ್ಟದ ಆಯ್ಕೆ 1955ರ ಮಿಲ್ಲೆ ಮಿಲಿಯಾದ್ದು. ಬ್ರೆಷಿಯಾದಿಂದ ರೋಮಿಗೆ ಹೋಗಿ ಮರಳಿ ಬರುವ ಸಾವಿರ ಮೈಲಿ ಸ್ಪರ್ಧೆ. ಸ್ಟರ್ಲಿಂಗ್ ಮಾಸ್ ಓಡಿಸಿದ ಮರ್ಸಿಡಿಸ್ 300 ಎಸ್‌ಎಲ್‌ಆರ್ ಕಾರಿನ ನಂಬರು 722, ಹೊರಟ ಹೊತ್ತು ಬೆಳಿಗ್ಗೆ 7:22 ಎಂಬ ಕಾರಣಕ್ಕೆ. ಅವನು 10 ಗಂಟೆ 7 ನಿಮಿಷ 48 ಸೆಕೆಂಡಿನಲ್ಲಿ ಗೆದ್ದ. ದಾರಿಯಲ್ಲಿ ಹುಲ್ಲಿನ ಪಿಂಡಿಗಳಿಗೆ ಉಜ್ಜಿಕೊಂಡಿದ್ದರಿಂದ, ತಲುಪಿದ ಕಾರಿನ ಮೈ ಹೊರಟ ಕಾರಿನ ಮೈಯಲ್ಲ. ಹಾಗಾದರೆ ಬೆಳಗಿನ ಕಾರೋ ಸಂಜೆಯದೋ? ಸಂಜೆಯದಾದರೆ ಧೂಳು, ಎಣ್ಣೆ, ಸತ್ತ ಹುಳು, ಜಜ್ಜಿದ ತಗಡು ಎಲ್ಲ ಮಾಡಬೇಕು. ಬೆಳಗಿನದೇ ಸುಲಭವೆಂದು ಆರಿಸಿಕೊಂಡವರಿಗೆ ಪಕ್ಕದ ಸೀಟಿನ ಡೆನಿಸ್ ಜೆಂಕಿನ್ಸನ್ ಕಾಟ ಕೊಡುತ್ತಾನೆ. ದಾರಿಯ ತಿರುವುಗಳನ್ನೆಲ್ಲ ಅವನು ಸುಮಾರು 18 ಅಡಿ ಉದ್ದದ ಕಾಗದದ ಸುರುಳಿಯಲ್ಲಿ ಬರೆದು, ಗಾಜಿನಂಥ ಕಿಂಡಿಯಿರುವ ಡಬ್ಬಿಯಲ್ಲಿ ಸುತ್ತಿಟ್ಟು, ಓದಿ ಓದಿ ಮಾಸನಿಗೆ ಕೈಸನ್ನೆ ಮಾಡುತ್ತಿದ್ದ. ಹನ್ನೆರಡರಲ್ಲೊಂದು ಅಳತೆಗೆ ಆ ಸುರುಳಿ ಒಂದೂವರೆ ಅಡಿ. ಕಿಂಡಿಯಲ್ಲಿ ಕಾಣುವುದು ಬೆರಳಿನ ಉಗುರಿನಷ್ಟು, ಅದೂ ಮೊದಲ ಕೆಲವು ತಿರುವುಗಳು ಮಾತ್ರ. ನಮ್ಮವರು ಭೂತಗನ್ನಡಿ ಸರಿಮಾಡಿಕೊಂಡು, ಮೂರು ಸೊನ್ನೆಯ ಕುಂಚವನ್ನು ನಾಲಿಗೆಗೆ ತಾಗಿಸಿ ಮೊನೆ ಮಾಡಿ, ಬ್ರೆಷಿಯಾದಿಂದ ಬರೆಯಲು ಶುರುಮಾಡುತ್ತಾರೆ. ಊಟಕ್ಕೆ ಕರೆ ಬರುವ ಹೊತ್ತಿಗೆ ಇನ್ನೂ ರೋಮ್ ಬಂದಿರುವುದಿಲ್ಲ.