ದಯವಿಟ್ಟು ಗ್ರಾಮಸಭೆಗೆ ಬರಬೇಡಿ

ನಮ್ಮ ಪಂಚಾಯತಿ ವ್ಯಾಪ್ತಿಯ ಸಮಸ್ತ ಮತದಾರ ಬಂಧುಗಳಿಗೆ, ತಮ್ಮ ಊರಿನ ಕಾಂಕ್ರೀಟ್ ರಸ್ತೆ, ಚರಂಡಿ, ಬಸ್ ತಂಗುದಾಣ ಹಾಗೂ ಅದೇ ಚರಂಡಿಯ ಪುನರ್‌ನಿರ್ಮಾಣದ ಗುತ್ತಿಗೆದಾರನ ಸಾಷ್ಟಾಂಗ ನಮಸ್ಕಾರಗಳು.

ಇಷ್ಟು ವರ್ಷ ನೀವು ಕೊಟ್ಟ ಸಹಕಾರಕ್ಕೆ ಕೃತಜ್ಞತೆ ಹೇಳಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ. ಅದರಲ್ಲೂ ಬೆಳಗಾದರೆ ಹೋಟೆಲ್ ಮುಂದಿನ ಕಟ್ಟೆಯ ಮೇಲೆ ಕೂತು ನನ್ನನ್ನು ಬೈಯುವ ಹಿರಿಯರಿಗೆ. ಅರ್ಧ ಲೋಟ ಟೀ ಮುಂದಿಟ್ಟುಕೊಂಡು ಗಂಟೆಗಟ್ಟಲೆ ಬೈಯುತ್ತೀರಿ, ಹಗುರಾಗುತ್ತೀರಿ, ಎದ್ದು ಹೊಲಕ್ಕೆ ಹೋಗುತ್ತೀರಿ. ಆ ಬೈಗುಳ ಯಾವ ನಡಾವಳಿ ಪುಸ್ತಕಕ್ಕೂ ಏರುವುದಿಲ್ಲ. ಎಷ್ಟೋ ಸಲ ನಿಮ್ಮ ಟೀ ದುಡ್ಡು ನಾನೇ ಕೊಟ್ಟಿದ್ದೇನೆ. "ಎಲ್ಲಾ ಕಳ್ಳರೇ ಕಣಯ್ಯ" ಎಂದು ನೀವು ಒಟ್ಟಾರೆ ತೀರ್ಪು ಕೊಟ್ಟುಬಿಟ್ಟಾಗ ನನಗಾಗುವ ನೆಮ್ಮದಿ ಅಷ್ಟಿಷ್ಟಲ್ಲ. ಎಲ್ಲರೂ ಕಳ್ಳರಾದ ಮೇಲೆ ಒಬ್ಬನ ಲೆಕ್ಕವನ್ನು ಯಾರು ಕೇಳುತ್ತಾರೆ?

ನಮ್ಮ ಕಷ್ಟ ಶುರುವಾದದ್ದು ಕಾನೂನಿನಿಂದ. ಎಂಬತ್ತರ ದಶಕದಲ್ಲಿ ಅಬ್ದುಲ್ ನಜೀರ್ ಸಾಬ್ ಎಂಬ ಮಂತ್ರಿಗಳಿದ್ದರು. ಹಳ್ಳಿ ಹಳ್ಳಿಗೆ ಬೋರ್‌ವೆಲ್ ಕೊರೆಸಿ 'ನೀರ್ ಸಾಬ್' ಅನ್ನಿಸಿಕೊಂಡರು. ಅಷ್ಟಕ್ಕೆ ಸುಮ್ಮನಾಗದೆ ಬೆಂಗಳೂರಿನ ಅಧಿಕಾರವನ್ನೂ ಹಳ್ಳಿಗೆ ಇಳಿಸಲು ಹೊರಟರು. ಆಮೇಲೆ 1993ರಲ್ಲಿ ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂತು, ಅದೇ ವರ್ಷ ನಮ್ಮ ರಾಜ್ಯದ ಪಂಚಾಯತ್ ರಾಜ್ ಕಾಯ್ದೆಯೂ ಬಂತು. ಗ್ರಾಮಸಭೆ ಅಂದರೆ ಮೆಂಬರುಗಳ ಸಭೆಯಲ್ಲ, ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರ ಸಭೆ ಎಂದುಬಿಟ್ಟರು. ಆರು ತಿಂಗಳಿಗೊಮ್ಮೆಯಾದರೂ ಸೇರಲೇಬೇಕಂತೆ. ಯಾವ ಕೇರಿಗೆ ಮೊದಲು ಚರಂಡಿ, ಯಾರಿಗೆ ಮನೆ ಮಂಜೂರು ಎಂಬುದನ್ನು ನೀವೇ ಅಲ್ಲಿ ಕೂತು ಹೇಳಬೇಕಂತೆ. ನನ್ನಂಥವನಿಗೆ ಅಲ್ಲೇನು ಕೆಲಸ, ನೀವೇ ಹೇಳಿ.

ಅದೃಷ್ಟಕ್ಕೆ ನೀವು ಬರಲಿಲ್ಲ. ಗ್ರಾಮಸಭೆಗೆ ಕೋರಂ ಎಷ್ಟು ಗೊತ್ತೆ? ಮತದಾರರಲ್ಲಿ ಹತ್ತನೇ ಒಂದು ಭಾಗ, ಇಲ್ಲವೇ 100 ಜನ, ಯಾವುದು ಕಡಿಮೆಯೋ ಅದು. ವಾರ್ಡ್ ಸಭೆಗಾದರೆ 20 ಜನ ಸಾಕು. ಒಂದು ಬೀಗರೂಟಕ್ಕೆ ಟಾಟಾ ಏಸ್ ತುಂಬಿಕೊಂಡು ಹೋಗುವ ಜನರು ನೀವು, ನಿಮ್ಮದೇ ಬೀದಿಯ ಸಭೆಗೆ 20 ಜನ ಕೂಡಲಿಲ್ಲ. ಸಭೆ ನಡೆದಿದೆ ಎಂದು ನಾವು ತೋರಿಸಬೇಕಲ್ಲ? ಹಾಜರಿ ಪುಸ್ತಕವನ್ನು ಬಿಲ್ ಕಲೆಕ್ಟರ್ ಕೈಲಿ ನಿಮ್ಮ ಮನೆ ಬಾಗಿಲಿಗೇ ಕಳಿಸಿದೆವು. ನೀವು ಹಸು ಹಾಲು ಕರೆಯುತ್ತಿದ್ದವರು, ಕೈ ಒರೆಸಿಕೊಂಡು, ಏನು ಎತ್ತ ಎಂದು ಕೇಳದೆ ಸಹಿ ಹಾಕಿ ಕೊಟ್ಟಿರಿ. ಆ ಸಹಿಯ ಮೇಲಿನ ಖಾಲಿ ಜಾಗದಲ್ಲಿ ನಿಮ್ಮ ಊರಿನ ಕ್ರಿಯಾ ಯೋಜನೆ ಬರೆದುಕೊಂಡೆವು. ರಾಮನಾಳಿದರೂ ರಾವಣನಾಳಿದರೂ ರಾಗಿ ಬೀಸೋದು ತಪ್ಪಲ್ಲ ಎಂದು ನೀವು ನಂಬಿರುವಷ್ಟು ಕಾಲ ನನ್ನ ಮಿಕ್ಸರ್ ಯಂತ್ರಕ್ಕೆ ವಿಶ್ರಾಂತಿಯಿಲ್ಲ.

ಈಗ ಈ ಪತ್ರ ಬರೆಯಬೇಕಾಗಿ ಬಂದ ಕಾರಣ ಹೇಳುತ್ತೇನೆ. ಕಳೆದ ಗ್ರಾಮಸಭೆಗೆ ಸ್ತ್ರೀಶಕ್ತಿ ಸಂಘದ ನಾಲ್ಕು ಹೆಂಗಸರು ಬಂದರು. ಬಂದವರು ಸುಮ್ಮನೆ ಚಿತ್ರಾನ್ನ ತಿಂದು ಹೋಗಬಾರದೆ? ಮೊದಲ ಸಾಲಿನಲ್ಲಿ ಕೂತರು. ಬೈಯಲಿಲ್ಲ, ಧಿಕ್ಕಾರ ಕೂಗಲಿಲ್ಲ. ಬೈದಿದ್ದರೆ "ಗದ್ದಲದಿಂದಾಗಿ ಸಭೆ ಮುಂದೂಡಲಾಗಿದೆ" ಎಂದು ಬರೆದು ಮುಗಿಸುತ್ತಿದ್ದೆವು. ಒಂದು ಕಾಗದ ತೆಗೆದು, "ನಮ್ಮ ಬೀದಿಯ ರಸ್ತೆ ಎಸ್ಟಿಮೇಟಿನಲ್ಲಿ ಎಷ್ಟು ಇಂಚು ದಪ್ಪ?" ಎಂದು ಕೇಳಿದರು. ಇಂಜಿನಿಯರ್ ಸಾಹೇಬರು ನನ್ನ ಮುಖ ನೋಡಿದರು, ನಾನು ಫ್ಯಾನ್ ನೋಡಿದೆ. ಉತ್ತರ ಬರುವವರೆಗೂ ಆ ಹೆಂಗಸರು ಏಳಲಿಲ್ಲ. ಪ್ರಶ್ನೆಯನ್ನು ನಡಾವಳಿ ಪುಸ್ತಕದಲ್ಲಿ ಬರೆಸಿದರು, ಬರೆದದ್ದನ್ನು ಓದಿಸಿ ಕೇಳಿದರು, ಆಮೇಲೆ ಸಹಿ ಹಾಕಿದರು. ಓದಿ ಸಹಿ ಹಾಕುವುದು ಎಂಥ ಅಪನಂಬಿಕೆ! ಮಾರನೆಯ ದಿನ ಟೈಲರ್ ಅಂಗಡಿಯ ಟೇಪು ಹಿಡಿದು ರಸ್ತೆಯ ಅಂಚಿಗೆ ಕೂತರು. ಕಾಂಕ್ರೀಟ್ ರಸ್ತೆಯ ದೊಡ್ಡ ದೋಷವೇ ಇದು, ಅಂಚಿನಲ್ಲಿ ಅದರ ದಪ್ಪ ಎಲ್ಲರಿಗೂ ಕಾಣುತ್ತದೆ.

ಅವರಲ್ಲೊಬ್ಬರ ಮಗಳು ಕಾಲೇಜಿಗೆ ಹೋಗುತ್ತಾಳೆ. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಅರ್ಜಿ ಹಾಕಿದಳು. ಶುಲ್ಕ 10 ರೂಪಾಯಿ, ಉತ್ತರಕ್ಕೆ ಗಡುವು 30 ದಿನ. ರಾಜ್ಯ ಸರ್ಕಾರ 2008ರಲ್ಲಿ ನಮ್ಮಂಥವರ ಮೇಲೆ ಕರುಣೆಯಿಟ್ಟು, ಅರ್ಜಿ 150 ಪದ ಮೀರಬಾರದು, ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು ಎಂದು ನಿಯಮ ಮಾಡಿತ್ತು. ನಿಮ್ಮ ಸಿಟ್ಟು 150 ಪದಗಳಲ್ಲಿ ಹಿಡಿಸಲಾರದು ಎಂದು ನಾನೂ ಧೈರ್ಯವಾಗಿದ್ದೆ. ಆ ಹುಡುಗಿ ಸಿಟ್ಟನ್ನೇ ಬರೆಯಲಿಲ್ಲ. "ಈ ಕಾಮಗಾರಿಯ ಅಂದಾಜುಪಟ್ಟಿ, ಅಳತೆ ಪುಸ್ತಕ ಮತ್ತು ಬಿಲ್ಲಿನ ದೃಢೀಕೃತ ನಕಲು ಕೊಡಿ" ಎಂದಷ್ಟೇ ಬರೆದಳು. ಇನ್ನೂ ಭಯಂಕರ ಸಂಗತಿ ಏನೆಂದರೆ, ಅದೇ ಕಾಯ್ದೆಯಲ್ಲಿ ಕಾಮಗಾರಿಯನ್ನು ಖುದ್ದು ಪರಿಶೀಲಿಸುವ ಹಕ್ಕೂ ಇದೆ, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ ಇದೆ. ನನ್ನ ಸಿಮೆಂಟಿನ ಮಾದರಿ ಪಡೆದು ಏನು ಮಾಡುತ್ತೀರಿ ಸ್ವಾಮೀ? ಅದರಲ್ಲಿ ಸಿಮೆಂಟ್ ಹುಡುಕುವುದೇ ಕಷ್ಟ.

ಇದನ್ನು ನೋಡಿ ಮಕ್ಕಳೂ ಕೆಟ್ಟರು. ಮಕ್ಕಳ ಗ್ರಾಮಸಭೆ ಅಂತ ಒಂದಿದೆಯಲ್ಲ, ಅಲ್ಲಿ ಒಬ್ಬ ಹುಡುಗ ಎದ್ದು, ಶಾಲೆಯ ಶೌಚಾಲಯಕ್ಕೆ ಬಾಗಿಲಿದೆ, ನೀರೇಕಿಲ್ಲ ಎಂದ. ಅಧ್ಯಕ್ಷರು ಅವನಿಗೆ ಪೆನ್ನು ಬಹುಮಾನ ಕೊಟ್ಟು ಕೂರಿಸಿದರು. ಅವನು ಅದೇ ಪೆನ್ನಿನಲ್ಲಿ ಅರ್ಜಿ ಬರೆದ. ವರ್ಷಕ್ಕೊಮ್ಮೆ ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ನಡೆಯುವ ಜಮಾಬಂದಿ ನೆನೆದರೆ ಈಗ ನಿದ್ದೆ ಬರುವುದಿಲ್ಲ. ಹೋದ ವರ್ಷ ಮಾಡಿದ ಪ್ರತಿ ಕೆಲಸದ ಕಡತ ಊರ ಮುಂದೆ ಬಿಚ್ಚುವ ದಿನ ಅದು. ಇಷ್ಟು ಕಾಲ ಕಡತ ಬಿಚ್ಚಿದಾಗ ಎದುರಿಗೆ ಬರೀ ಕುರ್ಚಿಗಳಿರುತ್ತಿದ್ದವು, ಕುರ್ಚಿಗಳು ಆಕ್ಷೇಪಣೆ ಎತ್ತುವುದಿಲ್ಲ.

ನಿಮ್ಮಲ್ಲಿ ಹಲವರು ನನಗಿಂತ ದೊಡ್ಡ ಮನಸ್ಸಿನವರು ಎಂಬುದನ್ನು ಒಪ್ಪುತ್ತೇನೆ. 2020ರ ಡಿಸೆಂಬರಿನ ಪಂಚಾಯತಿ ಚುನಾವಣೆಯಲ್ಲಿ ರಾಜ್ಯದ ಕೆಲವು ಊರುಗಳಲ್ಲಿ ಸದಸ್ಯ ಸ್ಥಾನವನ್ನೇ ದೇವಸ್ಥಾನದ ಹೆಸರಿನಲ್ಲಿ ಹರಾಜು ಹಾಕಿದ ಸುದ್ದಿ ಬಂತು. ಟೆಂಡರ್ ಫಾರಂ ಇಲ್ಲ, ಠೇವಣಿ ಇಲ್ಲ, ಕೂಗಿದವನಿಗೆ ಊರು. ಓದಿ ಕಣ್ತುಂಬಿ ಬಂತು. ಜಿಲ್ಲಾ, ತಾಲ್ಲೂಕು ಪಂಚಾಯತಿಗಳ ಅವಧಿ 2021ರಲ್ಲೇ ಮುಗಿದು, ವರ್ಷಗಟ್ಟಲೆ ಚುನಾವಣೆ ನಡೆಯದೆ ಆಡಳಿತಾಧಿಕಾರಿಗಳೇ ನಡೆಸಿದಾಗಲೂ ನೀವು ಚಕಾರ ಎತ್ತಲಿಲ್ಲ. ಅಂಥ ಸಹನಾಮೂರ್ತಿಗಳು ಈಗ ನಾಲ್ಕು ಹೆಂಗಸರ ಮಾತು ಕೇಳಿ ಕೆಡಬಾರದು.

ಅಂದಹಾಗೆ, ಅವರ ಬೀದಿಯ ರಸ್ತೆಯನ್ನು ಕಿತ್ತು ಮತ್ತೆ ಹಾಕಿದ್ದೇನೆ. ಸ್ವಂತ ಖರ್ಚಿನಲ್ಲಿ. ಕ್ಯೂರಿಂಗ್‌ಗೆಂದು ಹುಲ್ಲು ಹಾಸಿ ದಿನಾ ನೀರು ಬಿಡಿಸಿದವರೂ ಅವರೇ. ಪಕ್ಕದ ಬೀದಿಯವರು ಮಾತ್ರ ಸಜ್ಜನರು, ಅಲ್ಲಿ ಹಳೆಯ ರಸ್ತೆಯೇ ಇದೆ.

ಆದ್ದರಿಂದ ಕೈಮುಗಿದು ಕೇಳಿಕೊಳ್ಳುತ್ತೇನೆ. ಮುಂದಿನ ಗ್ರಾಮಸಭೆ ಬರುವ ಮಂಗಳವಾರ ಬೆಳಿಗ್ಗೆ 11ಕ್ಕೆ, ಸರ್ಕಾರಿ ಶಾಲೆಯ ಆವರಣದಲ್ಲಿ. ನೋಟಿಸನ್ನು ಪಂಚಾಯತಿ ಬೀರುವಿನ ಒಳಬಾಗಿಲಿಗೆ ಅಂಟಿಸಲಾಗಿದೆ, ಯಾರೂ ಹುಡುಕಬಾರದು. ಮನೆಯಲ್ಲೇ ಇರಿ. ಹಾಜರಿ ಪುಸ್ತಕ ಬಾಗಿಲಿಗೆ ಬರುತ್ತದೆ.

ಇತಿ ನಿಮ್ಮ ವಿಶ್ವಾಸಿ,
ಊರಿನ ಗುತ್ತಿಗೆದಾರ