ಟ್ರೇಡ್‌ಬುಕ್ ಗ್ರಂಥಸಂಪಾದನೆಗೆ ಒಂದು ಪೀಠಿಕೆ

ಡಿ.ಎಲ್. ನರಸಿಂಹಾಚಾರ್ಯರು ‘ಕನ್ನಡ ಗ್ರಂಥಸಂಪಾದನೆ’ ಬರೆದ ಕಾಲಕ್ಕೆ ಸಂಪಾದಕನಿಗೆ ಇದ್ದ ಶತ್ರುಗಳು ಗೆದ್ದಲು ಮತ್ತು ನಿದ್ದೆಗಣ್ಣಿನ ಲಿಪಿಕಾರ. ಎಕ್ಸೆಲ್ ಇನ್ನೂ ಹುಟ್ಟಿರಲಿಲ್ಲ. ಹೀಗಾಗಿ ಷೇರು ಬ್ರೋಕರನ ತಾಣದಿಂದ ಟ್ರೇಡ್‌ಬುಕ್ ಇಳಿಸಿಕೊಂಡು, ಪರಿಷ್ಕರಿಸಿ, ಟ್ರೇಡಿಂಗ್ ಜರ್ನಲ್ ಎಂಬ ಶುದ್ಧಪ್ರತಿ ತೆಗೆಯುವ ವಿಧಿಯನ್ನು ಪೂರ್ವಾಚಾರ್ಯರು ಹೇಳದೇ ಹೋದರು. ಆ ಭಾರ ನಮ್ಮ ಹೆಗಲಿಗೆ ಬಿದ್ದಿದೆ.

ಮೊದಲು ಆಕರ ವಿಚಾರ. ಒಂದೇ ವ್ಯವಹಾರಕ್ಕೆ ಮೂರು ಪ್ರತಿಗಳು ಸಿಗುತ್ತವೆ; ಮೂರಕ್ಕೂ ಪರಸ್ಪರ ಮಾತಿಲ್ಲ. ಟ್ರೇಡ್‌ಬುಕ್ಕಿಗೆ ದರ ಗೊತ್ತು, ಖರ್ಚು ಗೊತ್ತಿಲ್ಲ. 24 ಗಂಟೆಯೊಳಗೆ ಬ್ರೋಕರ್ ಕಳಿಸಲೇಬೇಕಾದ ಕಾಂಟ್ರಾಕ್ಟ್ ನೋಟಿನಲ್ಲಿ ಬ್ರೋಕರೇಜ್, ಎಸ್‌ಟಿಟಿ, ಜಿಎಸ್‌ಟಿ, ಮುದ್ರಾಂಕ ಶುಲ್ಕ ಎಲ್ಲವೂ ಇವೆ. ಆದರೆ ಅದು ಪಾಸ್‌ವರ್ಡಿನ ಬೀಗ ಜಡಿದ ಪಿಡಿಎಫ್, ವ್ಯವಹಾರ ಮಾಡಿದ ದಿನಕ್ಕೊಂದು. ಲಾಭನಷ್ಟದ ಪಟ್ಟಿಯಾದರೋ, ಮೊದಲು ಕೊಂಡದ್ದನ್ನೇ ಮೊದಲು ಮಾರಿದಿರಿ ಎಂದು ತೀರ್ಪು ಕೊಟ್ಟುಬಿಡುತ್ತದೆ, ನಿಮ್ಮ ಮನಸ್ಸಿನಲ್ಲಿ ಏನೇ ಇದ್ದಿರಲಿ. ಪಂಡಿತರು ಟ್ರೇಡ್‌ಬುಕ್ಕನ್ನೇ ಮೂಲಪ್ರತಿಯಾಗಿ ಹಿಡಿಯುತ್ತಾರೆ. ಅದರಲ್ಲಿ ಕೊಂಡದ್ದು, ಮಾರಿದ್ದು ಮಾತ್ರ ಇದೆ. ನಷ್ಟ ಎಂಬ ಅಂಕಣವೇ ಇಲ್ಲ.

ಇನ್ನು ಲಿಪಿಕಾರ ದೋಷ. ಎಕ್ಸೆಲ್ 15 ಅಂಕಿಗಳವರೆಗೆ ಪ್ರಾಮಾಣಿಕ. ಎನ್‌ಎಸ್‌ಇಯ ಆರ್ಡರ್ ಸಂಖ್ಯೆ 16 ಅಂಕಿಯದು. ಹದಿನಾರನೆಯದನ್ನು ಅದು ಸದ್ದಿಲ್ಲದೆ ಸೊನ್ನೆ ಮಾಡಿ, ಮಿಕ್ಕಿದ್ದನ್ನು 1.1ಇ+15 ಎಂದು ಬರೆದು ಕೈತೊಳೆದುಕೊಳ್ಳುತ್ತದೆ. ದೊಡ್ಡ ಆರ್ಡರ್ ಒಂದು ಹತ್ತಾರು ಸಾಲುಗಳಾಗಿ ಒಡೆದು ಬಂದಿರುತ್ತದೆ, ಅವನ್ನು ಒಂದುಗೂಡಿಸಲು ಇರುವ ಆಧಾರ ಆ ಸಂಖ್ಯೆಯೊಂದೇ. ಒಂದುಗೂಡಿಸದೇ ಬಿಟ್ಟರೆ ಒಂದು ಗೆಲುವು ಹದಿನೇಳು ಗೆಲುವಾಗಿ ಎಣಿಕೆಗೆ ಬರುತ್ತದೆ. ಈ ಪಾಠವನ್ನು ತಿದ್ದಲು ಸಂಪಾದಕರು ಉತ್ಸಾಹ ತೋರುವುದು ಅಪರೂಪ.

ತಾರೀಕಿನ ಪಾಠಾಂತರ ಇನ್ನೂ ಗಹನ. 2024ರ ಜೂನ್ 4, ಲೋಕಸಭಾ ಚುನಾವಣೆಯ ಫಲಿತಾಂಶ ಬಂದು ನಿಫ್ಟಿ ಶೇ 5.9ರಷ್ಟು ಕುಸಿದ ದಿನ. ಅದನ್ನು 04-06-2024 ಎಂದು ಬರೆದ ಕಡತ ಅಮೆರಿಕದ ಕ್ರಮ ಕಲಿತ ಗಣಕಕ್ಕೆ ಸಿಕ್ಕಿದರೆ ಏಪ್ರಿಲ್ 6 ಆಗುತ್ತದೆ. ಅಂದು ಶನಿವಾರ. ಮಾರುಕಟ್ಟೆ ಮುಚ್ಚಿದ್ದ ದಿನವೂ ಅಷ್ಟು ಕಳೆದುಕೊಂಡವನ ಪ್ರತಿಭೆಯ ಬಗ್ಗೆ ಪ್ರತ್ಯೇಕ ಸಂಶೋಧನೆ ಆಗಬೇಕು. 12ನೇ ತಾರೀಕಿನವರೆಗಿನ ಸಾಲುಗಳು ಹೀಗೆ ಬೇರೆ ತಿಂಗಳಿಗೆ ಗುಳೆ ಹೋದರೆ, 13ರಿಂದಾಚೆಯವು ತಾವು ತಾರೀಕೇ ಅಲ್ಲವೆಂದು ಎಡಗೋಡೆಗೆ ಒರಗಿ ನಿಲ್ಲುತ್ತವೆ. ಕಡತದ ಮೇಲೆ ಎರಡು ಸಲ ಒತ್ತಿ ತೆರೆಯುವುದು ಈ ಶಾಸ್ತ್ರದಲ್ಲಿ ಮಹಾಪಾತಕ. ಅಂಕಣಗಳನ್ನು ಪಠ್ಯವೆಂದು ಮೊದಲೇ ಘೋಷಿಸಿ ಒಳಗೆ ತರುವುದೇ ಪ್ರಾಯಶ್ಚಿತ್ತ.

ಆಪ್ಷನ್‌ಗಳ ಹೆಸರೇ ಈ ಗ್ರಂಥದ ಸೂತ್ರಭಾಗ, ಅದರಲ್ಲಿ ಒಂದನ್ನಾದರೂ ವ್ಯಾಖ್ಯಾನಿಸಬೇಕು: ‘ನಿಫ್ಟಿ2461323500ಸಿಇ’. 24 ಎಂದರೆ ಇಸವಿ, 6 ತಿಂಗಳು, 13 ದಿನ, 23500 ಸ್ಟ್ರೈಕ್, ಸಿಇ ಎಂದರೆ ಕಾಲ್. ಅಕ್ಟೋಬರಿನಿಂದ ತಿಂಗಳಿಗೆ ಎರಡು ಅಂಕಿ ಬೇಕಾಗುತ್ತದಲ್ಲ, ಅದಕ್ಕೆ ಜಾಗವಿಲ್ಲದೆ ಓ, ಎನ್, ಡಿ ಎಂಬ ಅಕ್ಷರಗಳು ಆದೇಶವಾಗಿ ಬರುತ್ತವೆ. ಪಾಣಿನಿ ಕಂಡಿದ್ದರೆ ಮೆಚ್ಚುತ್ತಿದ್ದ.

ಲುಪ್ತಭಾಗಗಳಿಗೆ ಇನ್ಫೋಸಿಸ್ ಉತ್ತಮ ನಿದರ್ಶನ. 2018ರಲ್ಲಿ ಅದು ಒಂದಕ್ಕೊಂದು ಬೋನಸ್ ಕೊಟ್ಟಿತು. 100 ಇದ್ದವನ ಬಳಿ 200 ಆದವು. ಬಂದದ್ದು ವ್ಯವಹಾರವಲ್ಲ, ಆದ್ದರಿಂದ ಟ್ರೇಡ್‌ಬುಕ್ಕಿನಲ್ಲಿ ಅದರ ಸುಳಿವಿಲ್ಲ. ಅವನು 200ನ್ನೂ ಮಾರಿದಾಗ ಜರ್ನಲ್ ಲೆಕ್ಕ ಹಾಕಿ, ಇಲ್ಲದ 100 ಷೇರು ಮಾರಿ ಬೆಲೆ ಬೀಳಲೆಂದು ಕಾಯುತ್ತಿರುವ ಕರಡಿ ಎಂದು ಆ ಸಾಧುವನ್ನು ದಾಖಲಿಸುತ್ತದೆ.

ಕೃತಿಯ ಅಂಗಿರಸದ ಚರ್ಚೆಯನ್ನು ಸೆಬಿ ಮುಗಿಸಿಕೊಟ್ಟಿದೆ. 2021-22ರಿಂದ 2023-24ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಎಫ್ ಅಂಡ್ ಓ (ಫ್ಯೂಚರ್ಸ್ ಮತ್ತು ಆಪ್ಷನ್ಸ್) ಆಡಿದ ಬಿಡಿ ವ್ಯಾಪಾರಿಗಳ ಪೈಕಿ ಶೇ 93 ಮಂದಿಗೆ ನಷ್ಟ. ಅಂಗಿರಸ ಕರುಣ. ಬೆಳಗಿನ ಸಾಲುಗಳಲ್ಲಿ ವೀರ ಕಂಡುಬಂದರೆ ಅದು ಸಂಚಾರಿ.

ಕರ್ತೃತ್ವದ ಪ್ರಶ್ನೆ ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ಮೂರು ಗಂಟೆ ದಾಟಿದ ಮೇಲೆ ಬರುವ ಕೆಲವು ಮಾರಾಟಗಳ ಶೈಲಿಯೇ ಬೇರೆ: ದರದ ಬಗ್ಗೆ ಚೌಕಾಸಿಯಿಲ್ಲ, ಆಸೆಯಿಲ್ಲ, ತಡವಿಲ್ಲ. ಇವು ಪ್ರಕ್ಷಿಪ್ತ, ಇಂಟ್ರಾಡೇ ಪೊಸಿಷನ್ನನ್ನು ಬಿಡಲೊಲ್ಲದವನ ಪರವಾಗಿ ಬ್ರೋಕರನ ಯಂತ್ರವೇ ಬರೆದು ಸೇರಿಸಿದ ಸ್ಕ್ವೇರ್-ಆಫ್ ಸಾಲುಗಳು. ಇಡೀ ಗ್ರಂಥದಲ್ಲಿ ಶಿಸ್ತಿನಿಂದ ಕೂಡಿದ ಭಾಗವೂ ಇದೇ ಎಂಬುದು ಕೆಲವರ ಮತ.

ಕೊನೆಗೆ ಉಳಿದದ್ದು ಕಾರಣದ ಅಂಕಣ. ಜರ್ನಲಿನಲ್ಲಿ ಅದಕ್ಕೆ ಅಗಲವಾದ ಜಾಗವಿದೆ, ಯಾವ ಬ್ರೋಕರನ ಕಡತದಲ್ಲೂ ಅದು ಇಳಿದು ಬರುವುದಿಲ್ಲ. ಲಾಭದ ಸಾಲುಗಳ ಎದುರು ‘ಬ್ರೇಕ್‌ಔಟ್’ ಎಂಬ ಬರಹ ಸಿಗುತ್ತದೆ, ಆದರೆ ಅದು ಮಾರಿದ ಮೇಲಿನ ಕಾಲದ್ದು. ಉಳಿದೆಡೆ ಖಾಲಿ. ಆಧಾರವಾಗಿ ಸಿಗುವುದು ವ್ಯವಹಾರ ನಡೆದ ಸಮಯವೊಂದೇ. ಮಾರುಕಟ್ಟೆ ತೆರೆಯುವುದು 9:15ಕ್ಕೆ, ಖರೀದಿ ಆಗಿರುವುದು 9:15:03ಕ್ಕೆ. ಮೂರು ಸೆಕೆಂಡಿನಲ್ಲಿ ಹುಟ್ಟಬಲ್ಲ ಕಾರಣಗಳು ಎಷ್ಟಿರಬಹುದೆಂದು ವಿಚಾರಿಸಿ, ರೂಢಿಯಂತೆ ಊಹಾಪಾಠಗಳನ್ನು ಚೌಕ ಕಂಸದಲ್ಲಿ ಕೊಟ್ಟಿದ್ದೇವೆ: [ಭಾವಮೈದುನ ಹೇಳಿದ್ದ], [ಟೆಲಿಗ್ರಾಂ ಗುಂಪಿನಲ್ಲಿ ಬಂದಿತ್ತು], [ನಿನ್ನೆ ಹೋದದ್ದನ್ನು ಇವತ್ತೇ ತರಬೇಕಿತ್ತು], [ಮೇಲಿನ ಸಾಲಿನಂತೆಯೇ]. ಮಾರ್ಚ್ ತಿಂಗಳಿಡೀ ಕೊನೆಯ ಪಾಠವೇ ಸಲ್ಲುತ್ತದೆ.