ಸವಾಲುಮೀಮಾಂಸೆ: ಇಲಿಪಕ್ಷದಿಂದ ಒಂದು ಆಕ್ಷೇಪ

ಸ್ವಸಂತೃಪ್ತಿವಲಯೋಲ್ಲಂಘನಜನ್ಯ ವ್ಯಕ್ತಿತ್ವವಿಕಸನ, ಅಂದರೆ ‘ಕಂಫರ್ಟ್ ಝೋನ್ ಬಿಟ್ಟು ಹೊರಗೆ ಬನ್ನಿ’ ಎಂದು ನಮ್ಮ ಆಫೀಸುಗಳಲ್ಲಿ ಹೊತ್ತುಹೊತ್ತಿಗೂ ಕೇಳಿಬರುವ ಮಹಾವಾಕ್ಯದ ಶಾಸ್ತ್ರೀಯ ಪರಿಶೀಲನೆಯೇ ಈ ಪ್ರಬಂಧದ ಉದ್ದೇಶ. ಇದನ್ನು ಉಚ್ಚರಿಸುವವರು ಸಾಮಾನ್ಯವಾಗಿ ಎಸಿ ರೂಮಿನ ತಿರುಗುವ ಕುರ್ಚಿಯಲ್ಲಿ ಆಸೀನರಾಗಿರುತ್ತಾರೆ ಎಂಬುದು ಗಮನಾರ್ಹ.

ಸವಾಲು ಮೂರು ವಿಧ: ಸ್ವಯಾರ್ಜಿತ, ಆರೋಪಿತ, ಪಿತ್ರಾರ್ಜಿತ.

ಸ್ವಯಾರ್ಜಿತಕ್ಕೆ ಉದಾಹರಣೆ ಚಾರಣ. 2024ರ ಜನವರಿಯಲ್ಲಿ, ಗಣರಾಜ್ಯೋತ್ಸವದ ರಜೆಗೆ, ಸಾವಿರಾರು ಜನ ಏಕಕಾಲದಲ್ಲಿ ಬೆಳೆಯಲೆಂದು ಕುಮಾರ ಪರ್ವತ ಹತ್ತಿದರು. ಬೆಳೆಯುವುದಿರಲಿ, ನಿಲ್ಲಲೂ ಜಾಗವಿರಲಿಲ್ಲ. ಆನ್‌ಲೈನ್ ಬುಕಿಂಗ್ ಇಲ್ಲದೆ ಯಾರೂ ಬೆಳೆಯಕೂಡದೆಂದು ಸರ್ಕಾರವೇ ಹೇಳಬೇಕಾಯಿತು.

ಆರೋಪಿತದಲ್ಲಿ ವಾಚಿಕ, ಇಮೇಲಿಕ, ಪಿಪಿಟಿಕ ಎಂಬ ಉಪಭೇದಗಳಿವೆ. ಪಿಪಿಟಿಕದಲ್ಲಿ ಗಂಟೆಯಾಕಾರದ ಒಂದು ವಕ್ರರೇಖೆ ಕಡ್ಡಾಯ. ಒತ್ತಡ ಏರಿದಂತೆ ಸಾಧನೆಯೂ ಏರುತ್ತದೆ ಎನ್ನುವಲ್ಲಿಗೆ ತರಬೇತುದಾರರ ಬೆರಳು ನಿಲ್ಲುತ್ತದೆ. ಇದರ ಮೂಲ 1908ರಲ್ಲಿ ಅಮೆರಿಕದ ಯರ್ಕ್ಸ್ ಮತ್ತು ಡಾಡ್ಸನ್ ನಡೆಸಿದ ಪ್ರಯೋಗ. ಬಿಳಿ ಪೆಟ್ಟಿಗೆಗೆ ಹೋದ ಇಲಿ ಬಚಾವು, ಕಪ್ಪಿಗೆ ಹೋದರೆ ಕರೆಂಟು. ಬಿಳಿ ಕಪ್ಪು ಸ್ಪಷ್ಟವಾಗಿದ್ದಾಗ ಶಾಕ್ ಜೋರಾದಷ್ಟೂ ಇಲಿ ಬೇಗ ಕಲಿಯಿತು. ವ್ಯತ್ಯಾಸ ಮಸುಕಾದಾಗ ಮಾತ್ರ ಜೋರು ಶಾಕ್ ಕೊಟ್ಟರೆ ಕಲಿಕೆಯೇ ಕುಂಟಿತು. ಅಂದರೆ ಕೆಲಸ ಕಠಿಣವಾದಷ್ಟೂ ಶಾಕ್ ಕಡಿಮೆಯಿರಬೇಕು. ಸ್ಲೈಡಿನಲ್ಲಿ ಈ ಭಾಗ ಇರುವುದಿಲ್ಲ. ಇಲಿಯೂ ಇರುವುದಿಲ್ಲ. ಸ್ವಿಚ್ ಯಾರ ಕೈಯಲ್ಲಿತ್ತು ಎಂಬುದಂತೂ ಕೇಳಲೇಬಾರದ ಪ್ರಶ್ನೆ.

ಇನ್ನು ಅಗ್ನಿಪ್ರಕರಣ. ನಮ್ಮ ತಂಡವನ್ನು ಒಮ್ಮೆ ರೆಸಾರ್ಟಿಗೆ ಕರೆದೊಯ್ದು ಕೆಂಡ ತುಳಿಸಿದರು. ‘ಮನಸ್ಸೇ ಎಲ್ಲ, ಬೆಂಕಿ ಏನೂ ಅಲ್ಲ’ ಎಂದು ಮೈಕಿನಲ್ಲಿ ಗರ್ಜನೆ. ಕೆಂಡ ಹರಡಿದ್ದವನು ಪಕ್ಕದ ಹಳ್ಳಿಯವನು, ಊರಹಬ್ಬದಲ್ಲಿ ಉಪವಾಸವಿದ್ದು ಕೊಂಡ ಹಾಯುವವನು. ಕುಂಟೆ ಆಡಿಸುತ್ತಲೇ ಮೆಲ್ಲಗೆ ಹೇಳಿದ: ‘ಬೂದಿ ಕಟ್ಟೈತೆ ಸಾರ್, ನಿಲ್ದೆ ನಡೀರಿ, ಏನೂ ಆಗಲ್ಲ.’ ಭೌತಶಾಸ್ತ್ರವೂ ಹೇಳುವುದು ಅಷ್ಟೇ: ಇದ್ದಿಲು, ಬೂದಿ ಎರಡೂ ಶಾಖವನ್ನು ನಿಧಾನವಾಗಿ ದಾಟಿಸುತ್ತವೆ, ಪಾದ ತಾಗುವುದು ಕ್ಷಣಮಾತ್ರ. ಸರ್ಟಿಫಿಕೇಟಿನಲ್ಲಿ ಮಾತ್ರ ನಾವು ಭಯವನ್ನು ಗೆದ್ದಿದ್ದೆವು.

ಮುಂದಿನ ವಾರ ಇಬ್ಬರು ಕೆಲಸ ಬಿಟ್ಟರು. ಅವರ ಜಾಗಕ್ಕೆ ಯಾರೂ ಬರಲಿಲ್ಲ, ಅವರ ಕೆಲಸ ಮಾತ್ರ ‘ಬೆಳವಣಿಗೆಯ ಅವಕಾಶ’ ಎಂಬ ನಾಮಧೇಯದಿಂದ ನಮ್ಮ ಮೇಜಿಗೆ ಬಂತು. ಇಮೇಲಿಕ ಉಪಭೇದದ ಲಕ್ಷಣಗಳನ್ನು ಇಲ್ಲಿ ವಿವರಿಸಬೇಕಿತ್ತು. ಹಾಳಾಗಿ ಹೋಗಲಿ.

ಪಿತ್ರಾರ್ಜಿತಕ್ಕೆ ಬರೋಣ. ನಮ್ಮಲ್ಲಿ ರಾಯಚೂರು ಕಡೆಯ ಒಬ್ಬ ಹುಡುಗಿ ಇದ್ದಾಳೆ. ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲಿಗಳು. ತಮ್ಮನ ಫೀಸು, ಅಪ್ಪನ ಸಾಲದ ಕಂತು, ಪಿಜಿ ಬಾಡಿಗೆ ಕಳೆದು ಉಳಿದದ್ದರಲ್ಲಿ ತಿಂಗಳು ತಳ್ಳುತ್ತಾಳೆ. ರಾತ್ರಿಯಿಡೀ ಅಮೆರಿಕದ ಕರೆ ತೆಗೆದುಕೊಂಡು ಬೆಳಿಗ್ಗೆ ಅಪ್ರೈಸಲಿಗೆ ಕೂತವಳಿಗೆ ಸಿಕ್ಕ ಸಲಹೆ: ಕಂಫರ್ಟ್ ಝೋನ್ ಬಿಟ್ಟು ಬಾ.

ಯಾವ ಝೋನ್, ಸ್ವಾಮಿ? ಅಂಥದ್ದೊಂದು ಅವಳಿಗೆ ಯಾವಾಗ ಕೊಟ್ಟಿದ್ದಿರಿ, ಈಗ ಬಿಡು ಅನ್ನುವುದಕ್ಕೆ?

ಅವಳು ಕೇಳಿದ್ದು ರಾತ್ರಿ ಪಾಳಿಗೆ ಇನ್ನೊಬ್ಬರನ್ನು, ಮತ್ತು ಬಾಕಿಯಿದ್ದ ಇನ್‌ಕ್ರಿಮೆಂಟನ್ನು. ಎರಡಕ್ಕೂ ಈ ವರ್ಷ ಬಜೆಟ್ ಇಲ್ಲವಂತೆ. ರೆಸಾರ್ಟಿಗೆ ಇತ್ತು.